ಟಿಂಚರ್ ಎಂಬ ಬಣ್ಣದ ಮಾತು: ಗೆಳೆಯನಿಗೊಂದು ಪತ್ರ

ಪ್ರೀತಿಯ ಬಸವರಾಜ,

ಹೋಮಿಯೋಪತಿ ಬಾಟಲಿಯ ಫೋಟೋ ಕಳಿಸಿ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲೇ ಎರಡು ಮಾತಲ್ಲಿ ಉತ್ತರ ಹೇಳಬಹುದಿತ್ತು. "ಇದರ ಮೇಲೆ ಮದರ್ ಟಿಂಚರ್ ಅಂತಿದೆ. ಶಾಲೆಯಲ್ಲಿ ಮೊಣಕಾಲು ತರಚಿದಾಗ ಹಚ್ಚುತ್ತಿದ್ದ ಉರಿ ಔಷಧಿಗೂ ಟಿಂಚರ್ ಅಂತಲೇ ಅನ್ನುತ್ತಿದ್ದರು. ಎರಡೂ ಒಂದೇನಾ?" ಅಂತ ಕೇಳಿದ್ದೀಯ. ಎರಡೂ ಒಂದಲ್ಲ. ಆದರೆ ಎರಡಕ್ಕೂ ಒಂದೇ ಹೆಸರು ಬಂದದ್ದು ಸುಮ್ನೆ ಅಲ್ಲ. ಆ ಹೆಸರು ಮೊದಲು ವೈದ್ಯರದ್ದೂ ಆಗಿರಲಿಲ್ಲ. ಅದು ನಿಮ್ಮ ಮನೆತನದ ಕಸುಬಿನದು, ಬಣ್ಣ ಹಾಕುವವರದು. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕಿದವರ ಮೊಮ್ಮಗನಿಗೆ ಇದನ್ನು ಅರ್ಧಂಬರ್ಧ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ. ನಮ್ಮ ಹಳೆಯ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರಿಲ್ಲ ತಾನೇ?

ಲ್ಯಾಟಿನ್ ಭಾಷೆಯಲ್ಲಿ 'ಟಿಂಗೆರೆ' ಅಂದರೆ ಅದ್ದುವುದು, ತೋಯಿಸುವುದು. ಬಟ್ಟೆಯನ್ನು ಬಣ್ಣದ ನೀರಲ್ಲಿ ಅದ್ದುವುದಕ್ಕೂ ಅದೇ ಮಾತು. ಆ ಕೆಲಸ 'ಟಿಂಕ್ಟೂರಾ', ಅದನ್ನು ಮಾಡುವವನು 'ಟಿಂಕ್ಟೋರ್'. ಸುಮಾರು 1400ರ ಹೊತ್ತಿಗೆ ಈ ಪದ 'ಟಿಂಕ್ಚರ್' ಆಗಿ ಇಂಗ್ಲಿಷಿಗೆ ಬಂತು. ಆಗ ಅದರ ಅರ್ಥ ಬಣ್ಣ, ಬಣ್ಣ ಹಾಕುವ ವಸ್ತು, ಅಷ್ಟೇ. ಯುರೋಪಿನ ಮನೆತನಗಳ ಲಾಂಛನಗಳಲ್ಲಿ ಬಳಸುವ ಬಣ್ಣಗಳಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಟಿಂಕ್ಚರ್ ಅಂತಲೇ ಹೆಸರು. ಕಾರಿನ ಗಾಜಿಗೆ ಹಾಕಿಸುತ್ತಾರಲ್ಲ, ಆ 'ಟಿಂಟ್' ಕೂಡ ಇದೇ ಬೇರಿನದು. ಸ್ಪೇನಿನವರು ಕೆಂಪು ವೈನನ್ನು 'ವಿನೋ ತಿಂತೋ' ಅನ್ನುತ್ತಾರೆ, ಬಣ್ಣ ಹಾಕಿದ ವೈನು ಅಂದ ಹಾಗೆ. ಜರ್ಮನ್ನರಿಗೆ 'ಟಿಂಟೆ' ಅಂದರೆ ಪೆನ್ನಿನ ಶಾಯಿ. ಫ್ರೆಂಚರಲ್ಲಂತೂ ಎರಡೂ ಅರ್ಥ ಇನ್ನೂ ಒಟ್ಟಿಗೇ ಉಳಿದಿವೆ. ಅವರು ತಲೆಗೂದಲಿಗೆ ಹಚ್ಚುವ ಬಣ್ಣವೂ 'ತೆಂತ್ಯೂರ್', ಗಾಯಕ್ಕೆ ಹಚ್ಚುವ ಅಯೋಡಿನ್ ಟಿಂಚರೂ 'ತೆಂತ್ಯೂರ್'.

ಬಣ್ಣದ ಮಾತು ಔಷಧಿಯ ಬಾಟಲಿಗೆ ಹೇಗೆ ಹೋಯಿತು? ಇಲ್ಲಿ ರಸವಾದಿಗಳು ಬರುತ್ತಾರೆ. ಕೀಳು ಲೋಹವನ್ನು ಚಿನ್ನ ಮಾಡಲು ಹೊರಟವರು.

ಈಜಿಪ್ಟಿನಲ್ಲಿ ಸಿಕ್ಕ ಎರಡು ಹಳೆಯ ಪಪೈರಸ್ ಹಸ್ತಪ್ರತಿಗಳಿವೆ. ಒಂದು ಹಾಲೆಂಡಿನ ಲೈಡನ್‌ನಲ್ಲಿದೆ, ಇನ್ನೊಂದು ಸ್ವೀಡನ್‌ನಲ್ಲಿದೆ. ಎರಡೂ ಸುಮಾರು 1,700 ವರ್ಷ ಹಳೆಯವು, ಗ್ರೀಕ್ ಭಾಷೆಯಲ್ಲಿ ಬರೆದವು. ಲೋಹಕ್ಕೆ ಚಿನ್ನದ, ಬೆಳ್ಳಿಯ ಮೈ ಬರುವಂತೆ ಮಾಡುವುದು ಹೇಗೆ, ಸಾದಾ ಕಲ್ಲಿಗೆ ಪಚ್ಚೆಯ ಬಣ್ಣ ಕೊಡುವುದು ಹೇಗೆ, ಉಣ್ಣೆಗೆ ನೇರಳೆ ಬಣ್ಣ ಹಾಕುವುದು ಹೇಗೆ ಎಂದು ಅವುಗಳಲ್ಲಿ ಬರೆದಿದ್ದಾರೆ. ಲೋಹ, ಕಲ್ಲು, ಉಣ್ಣೆ, ಎಲ್ಲಕ್ಕೂ ಮಾಡುತ್ತಿದ್ದದ್ದು ಒಂದೇ ಕೆಲಸ: ಬಣ್ಣ ಹಾಕುವುದು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ರಸಾಯನಶಾಸ್ತ್ರದ ಹುಟ್ಟನ್ನು ನಾವು ದೊಡ್ಡ ದೊಡ್ಡ ತತ್ವಜ್ಞಾನಿಗಳ ಜೊತೆ ಜೋಡಿಸುತ್ತೇವೆ. ಆದರೆ ಕೈಗೆ ಸಿಗುವ ಇಂಥ ಹಳೆಯ ಪಾಕವಿಧಾನಗಳಲ್ಲಿ ಕಾಣುವುದು ಬಣ್ಣಗಾರನ ಬಾನಿ.

ಮುಂದೆ ಯುರೋಪಿನ ರಸವಾದಿಗಳು ಲೋಹವನ್ನು ಚಿನ್ನ ಮಾಡುವ ಆ ಒಂದು ಗುಟ್ಟಿನ ವಸ್ತುವಿಗೆ ಟಿಂಕ್ಚರ್ ಅಂತಲೇ ಹೆಸರಿಟ್ಟರು. ಒಂದು ಚಿಟಿಕೆ ಹಾಕಿದರೆ ಅದು ಲೋಹದ ಒಳಗೆಲ್ಲ ಹರಡಿ ಚಿನ್ನದ ಬಣ್ಣ ಹಿಡಿಸುತ್ತದೆ ಅಂತ ಅವರ ನಂಬಿಕೆ. ಕೀಳು ಲೋಹವೆಂದರೆ ಕಾಯಿಲೆ ಬಿದ್ದ ಲೋಹ, ಅದನ್ನು ವಾಸಿ ಮಾಡಿದರೆ ಚಿನ್ನ. ಹಾಗಾದರೆ ಅದೇ ವಸ್ತು ಮನುಷ್ಯನ ಕಾಯಿಲೆಯನ್ನೂ ವಾಸಿ ಮಾಡಬೇಕಲ್ಲ! 'ಎಲಿಕ್ಸಿರ್' ಪದದ ಕಥೆಯೂ ಹೀಗೆಯೇ. ಅದು ಅರಬ್ಬಿಯ 'ಅಲ್ ಇಕ್ಸೀರ್'ನಿಂದ ಬಂದದ್ದು. ಗಾಯದ ಮೇಲೆ ಉದುರಿಸುವ ಒಣ ಪುಡಿಗೆ ಗ್ರೀಕರು ಹೇಳುತ್ತಿದ್ದ ಪದವೇ ಅದರ ಮೂಲ ಅಂತ ಬಲ್ಲವರ ಅಂದಾಜು. 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ಒಂದು ಹೆಜ್ಜೆ ಮುಂದೆ ಹೋದ. ರಸವಿದ್ಯೆ ಇರುವುದು ಚಿನ್ನ ಮಾಡುವುದಕ್ಕಲ್ಲ, ಔಷಧಿ ಮಾಡುವುದಕ್ಕೆ ಎಂದು ಸಾರಿದ.

ಆಮೇಲಿನದು ಸುಲಭ. ಗಿಡಮೂಲಿಕೆಯನ್ನು ಸಾರಾಯಿಯ ಸತ್ವದಲ್ಲಿ, ಅಂದರೆ ಆಲ್ಕೋಹಾಲಿನಲ್ಲಿ ನೆನೆಹಾಕಿದರೆ ನೀರಿನಂತಿದ್ದ ಆ ದ್ರವ ಬಣ್ಣಕ್ಕೆ ತಿರುಗುತ್ತದೆ. ಬೇರಿನ ಬಣ್ಣ ಅದಕ್ಕೆ ಇಳಿಯಿತು ಅಂದರೆ ಬೇರಿನ ಸತ್ವವೂ ಇಳಿಯಿತು ಅಂತ ಲೆಕ್ಕ. ಬಣ್ಣವೇ ಅವರಿಗೆ ಸಾಕ್ಷಿ. 17ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ಇಂಥ ದ್ರವಕ್ಕೆ ಟಿಂಕ್ಚರ್ ಅನ್ನುವುದು ರೂಢಿಯಾಯಿತು. ನಮ್ಮ ಬಾಯಲ್ಲಿ ಅದು ಟಿಂಚರ್.

ಫಾರ್ಮಸಿ ಹುಡುಗರಿಗೆ ನಾನು ಇದನ್ನು ಈಗಲೂ ಮಾಡಿಸುತ್ತೇನೆ. ತರಿತರಿಯಾಗಿ ಕುಟ್ಟಿದ ತೊಗಟೆಯನ್ನೋ ಬೇರನ್ನೋ ಮುಚ್ಚಳವಿರುವ ಪಾತ್ರೆಗೆ ಹಾಕಬೇಕು. ಆಲ್ಕೋಹಾಲ್ ಸುರಿದು ಕೆಲವು ದಿನ ಬಿಡಬೇಕು. ಆಗಾಗ ಕುಲುಕಬೇಕು, ಕೊನೆಗೆ ಸೋಸಬೇಕು. ಸಾಮಾನ್ಯವಾಗಿ ಒಂದು ಪಾಲು ಮೂಲಿಕೆಗೆ ಐದೋ ಹತ್ತೋ ಪಾಲು ಟಿಂಚರ್ ಸಿಗುತ್ತದೆ. ನೀರೇ ಯಾಕೆ ಸಾಲದು ಅಂತ ಕೇಳಬಹುದು. ರಾಳ ಮತ್ತು ಅನೇಕ ಔಷಧ ಅಂಶಗಳು ನೀರಿಗೆ ಸರಿಯಾಗಿ ಬಿಡುವುದಿಲ್ಲ, ಆಲ್ಕೋಹಾಲಿಗೆ ಬಿಡುತ್ತವೆ. ಮೇಲಾಗಿ ನೀರಿನ ಕಷಾಯ ಎರಡು ದಿನಕ್ಕೆ ಹಳಸುತ್ತದೆ. ಟಿಂಚರ್ ವರ್ಷಗಟ್ಟಲೆ ಇರುತ್ತದೆ.

ಈಗ ನಿನ್ನ ಪ್ರಶ್ನೆಗೆ ನೇರ ಉತ್ತರ. ಹೋಮಿಯೋಪತಿಯ ಮದರ್ ಟಿಂಚರ್ ಅಂದರೆ ಗಿಡವನ್ನು ಹೀಗೆ ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಮೊದಲ ಸಾರ. ಆ ಪದ್ಧತಿಯವರು ಮುಂದೆ ಅದನ್ನೇ ಮತ್ತೆ ಮತ್ತೆ ತೆಳುಮಾಡುತ್ತಾ ಹೋಗುತ್ತಾರೆ, ಅದಕ್ಕೇ ತಾಯಿ ಅನ್ನುವ ಹೆಸರು. ಶಾಲೆಯಲ್ಲಿ ಹಚ್ಚುತ್ತಿದ್ದದ್ದು ಅಯೋಡಿನ್ ಟಿಂಚರ್. ಅದರಲ್ಲಿ ಗಿಡಮೂಲಿಕೆ ಏನೂ ಇಲ್ಲ. ಸುಮಾರು ಶೇ 2ರಷ್ಟು ಅಯೋಡಿನ್, ಅದು ಕರಗಿ ನಿಲ್ಲಲು ಪೊಟ್ಯಾಸಿಯಂ ಅಯೋಡೈಡ್, ಜೊತೆಗೆ ನೀರು ಬೆರೆಸಿದ ಆಲ್ಕೋಹಾಲ್. ಹಚ್ಚಿದ ಕೂಡಲೇ ನಾವು ಕುಣಿಯುತ್ತಿದ್ದದ್ದು ಮುಖ್ಯವಾಗಿ ಆ ಆಲ್ಕೋಹಾಲಿನ ಉರಿಗೆ. ಅಂದಹಾಗೆ ಅಯೋಡಿನ್ ಅನ್ನುವ ಹೆಸರಿನಲ್ಲೂ ಬಣ್ಣವೇ ಇದೆ. 1811ರಲ್ಲಿ ಫ್ರಾನ್ಸಿನಲ್ಲಿ ಬೆರ್ನಾರ್ ಕೂರ್ತ್ವಾ ಎಂಬಾತ ಕಡಲಕಳೆಯ ಬೂದಿಯಿಂದ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ಮಾಡುವ ಕೆಲಸದಲ್ಲಿದ್ದ. ಆಗ ನೇರಳೆ ಬಣ್ಣದ ಹಬೆ ಎದ್ದದ್ದನ್ನು ಕಂಡ. ಗ್ರೀಕಿನಲ್ಲಿ ನೇರಳೆ ಬಣ್ಣಕ್ಕೆ ಇರುವ ಪದದಿಂದಲೇ ಅಯೋಡಿನ್ ಹೆಸರು ಬಂತು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಗಳಗಂಡಕ್ಕೆ ಅಯೋಡಿನ್ ಟಿಂಚರನ್ನೇ ಕೊಟ್ಟ.

ಬಣ್ಣ ಮತ್ತು ಮದ್ದು ಒಂದೇ ಮಾತಿನಲ್ಲಿ ಸೇರಿದ್ದು ಟಿಂಚರಿನಲ್ಲಿ ಮಾತ್ರ ಅಲ್ಲ. ಫಾರ್ಮಸಿ ಅನ್ನುವ ಪದದ ಬೇರಾದ ಗ್ರೀಕಿನ 'ಫಾರ್ಮಕಾನ್' ನೋಡು. ಅದಕ್ಕೆ ಮದ್ದು ಅಂತಲೂ ಅರ್ಥ, ವಿಷ ಅಂತಲೂ ಅರ್ಥ, ಬಣ್ಣ ಅಂತಲೂ ಅರ್ಥ. ಲ್ಯಾಟಿನ್ನಿನ 'ಮೆದಿಕಾರೆ' ಅಂದರೆ ಮದ್ದು ಕೊಡುವುದು, ಬಟ್ಟೆಗೆ ಬಣ್ಣ ಹಾಕುವುದಕ್ಕೂ ಅದನ್ನೇ ಬಳಸಿದ್ದಾರೆ. ಅಂಗಡಿಯೂ ಒಂದೇ ಆಗಿತ್ತು. ಇಟಲಿಯ ಫ್ಲಾರೆನ್ಸ್‌ನಲ್ಲಿ ವೈದ್ಯರಿಗೂ ಮದ್ದಿನ ಅಂಗಡಿಯವರಿಗೂ ಸೇರಿ ಒಂದು ಸಂಘವಿತ್ತು. 14ನೇ ಶತಮಾನದಲ್ಲಿ ಚಿತ್ರಕಾರರೂ ಅದಕ್ಕೇ ಸೇರಿದರು. ಬಣ್ಣದ ಪುಡಿ ಸಿಗುತ್ತಿದ್ದದ್ದು ಮದ್ದಿನ ಅಂಗಡಿಯಲ್ಲೇ ಅಲ್ವಾ! ನಮ್ಮ ಊರುಗಳ ಗ್ರಂಥಿಗೆ ಅಂಗಡಿಯನ್ನು ನೆನೆಸಿಕೋ. ಅರಿಶಿನ, ಕಾಚು, ಅಳಲೆಕಾಯಿ, ಮಂಜಿಷ್ಠ, ಪಟಿಕ ಎಲ್ಲ ಒಂದೇ ಸಾಲಿನ ಡಬ್ಬಿಗಳಲ್ಲಿ ಇರುತ್ತವೆ. ತಗೊಳ್ಳುವವನು ವೈದ್ಯನೋ ಬಣ್ಣದವನೋ, ಅಂಗಡಿಯವನು ಕೇಳುವುದಿಲ್ಲ.

ಸಸ್ಯಗಳ ಹೆಸರಲ್ಲೂ ಈ ಜೋಡಿ ಕಾಣುತ್ತದೆ. 1753ರಲ್ಲಿ ಲಿನೇಯಸ್ ಗಿಡಗಳಿಗೆ ಎರಡೆರಡು ಪದದ ಹೆಸರು ಇಟ್ಟಾಗ, ಮದ್ದಿನ ಅಂಗಡಿಯ ಗಿಡಗಳಿಗೆ 'ಅಫಿಷಿನಾಲಿಸ್' ಅಂದ, ಬಣ್ಣದ ಗಿಡಗಳಿಗೆ 'ಟಿಂಕ್ಟೋರಿಯಾ' ಅಂದ. ನೀಲಿ ಗಿಡ 'ಇಂಡಿಗೋಫೆರಾ ಟಿಂಕ್ಟೋರಿಯಾ'. ಇನ್ನೊಂದು ನಿನಗೆ ಖುಷಿ ಕೊಡುತ್ತದೆ. ನಿಮ್ಮ ಕಡೆಯ ಎರೆಹೊಲದಲ್ಲಿ ಹಿಂಗಾರಿಗೆ ಹಾಕುವ ಕುಸುಬೆಗೆ 'ಕಾರ್ಥಮಸ್ ಟಿಂಕ್ಟೋರಿಯಸ್' ಅಂತ ಹೆಸರು. ಈಗ ಕುಸುಬೆ ಅಂದರೆ ನಮಗೆ ಎಣ್ಣೆ. ಹಿಂದೆ ಅದರ ಹೂವಿನ ಎಸಳಿಂದ ಹಳದಿಯನ್ನೂ ಕೆಂಪನ್ನೂ ತೆಗೆದು ಬಟ್ಟೆಗೆ ಹಾಕುತ್ತಿದ್ದರು. ಚೀನಾದ ವೈದ್ಯದಲ್ಲಿ ಅದೇ ಹೂವು ಇವತ್ತಿಗೂ ಔಷಧಿ.

ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ ಗೊತ್ತಲ್ಲ, ಅದರ ಹೆಸರು 'ರೈಟಿಯಾ ಟಿಂಕ್ಟೋರಿಯಾ'. ಅದರ ಎಲೆಯಿಂದ ನೀಲಿ ಬಣ್ಣ ತೆಗೆಯಬಹುದು ಅಂತ ವಿಲಿಯಂ ರಾಕ್ಸ್‌ಬರೋ 18ನೇ ಶತಮಾನದ ಕೊನೆಯಲ್ಲಿ ಮದ್ರಾಸ್ ಕಡೆ ಕೆಲಸ ಮಾಡುವಾಗಲೇ ಬರೆದಿದ್ದ. ಅದೇ ಎಲೆಯನ್ನು ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟು ಸೋರಿಯಾಸಿಸ್‌ಗೆ ಹಚ್ಚುವುದು ಸಿದ್ಧ ವೈದ್ಯದಲ್ಲಿದೆ. ರೈಟಿಯಾ ಅನ್ನುವುದು ವಿಲಿಯಂ ರೈಟ್ ಎಂಬ ಸ್ಕಾಟ್ಲೆಂಡಿನ ವೈದ್ಯನ ನೆನಪಿಗೆ ಇಟ್ಟ ಹೆಸರು. ಹೆಸರಿನ ಮೊದಲರ್ಧ ವೈದ್ಯನದು, ಉಳಿದರ್ಧ ಬಣ್ಣಗಾರನದು. ನಡುವೆ ಮಕ್ಕಳ ಬುಗುರಿ, ಗಿಲಕಿ. ಇದಕ್ಕಿಂತ ಚೆಂದದ ಮರ ನನಗೆ ಗೊತ್ತಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಬಣ್ಣದ ವಸ್ತುಗಳೇ ಯಾಕೆ ಇಷ್ಟೊಂದು ಸಲ ಮದ್ದೂ ಆಗುತ್ತವೆ?

ಪಟಿಕವನ್ನೇ ತಗೋ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಗಾಯವಾದರೆ ಅದನ್ನು ಉಜ್ಜುತ್ತಾರೆ, ರಕ್ತ ನಿಲ್ಲುತ್ತದೆ. ಬಣ್ಣದ ಮನೆಯಲ್ಲಿ ಅದೇ ಪಟಿಕ ಬಣ್ಣವನ್ನು ನೂಲಿಗೆ ಕಚ್ಚಿಸುತ್ತದೆ. ಅಳಲೆಕಾಯಿಯೂ ಹಾಗೆಯೇ. ತ್ರಿಫಲದಲ್ಲಿ ಅದು ಮದ್ದು. ಚರ್ಮ ಹದಮಾಡುವವರಿಗೂ ಅದೇ ಬೇಕು. ಹತ್ತಿ ಬಟ್ಟೆಗೆ ಬೇರಿನ ಕೆಂಪು ಹಾಕುವವರೂ ಮೊದಲು ಅಳಲೆಕಾಯಿ ನೀರಲ್ಲಿ ಅದ್ದಿ, ಆಮೇಲೆ ಪಟಿಕ ಹಾಕಿ, ಆಮೇಲೆ ಬಣ್ಣಕ್ಕೆ ಇಳಿಸುತ್ತಾರೆ. ಅಳಲೆಯ ಒಗರು ಅಂದರೆ ಟ್ಯಾನಿನ್. ಅದು ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಿಂದಾಗ ನಾಲಗೆ ಎಳೆದಂತೆ ಆಗುವುದು ಅದಕ್ಕೇ. ಹಸಿ ಚರ್ಮ ಕೊಳೆಯದೆ ಹದವಾಗುವುದು, ಗಾಯದ ಬಾಯಿ ಬಿಗಿಯುವುದು, ಎಲ್ಲಕ್ಕೂ ಆ ಹಿಡಿತವೇ ಕಾರಣ. ಹತ್ತಿಯಲ್ಲಿ ಪ್ರೋಟೀನ್ ಇಲ್ಲ. ಅಲ್ಲಿ ಟ್ಯಾನಿನ್ ನೂಲಿಗೆ ಅಂಟುತ್ತದೆ, ಪಟಿಕ ಟ್ಯಾನಿನ್ನಿಗೆ ಅಂಟುತ್ತದೆ, ಬಣ್ಣ ಪಟಿಕಕ್ಕೆ ಅಂಟುತ್ತದೆ. ಒಬ್ಬರ ಕೈ ಒಬ್ಬರು ಹಿಡಿದು ನಿಂತ ಹಾಗೆ.

ಯಾವುದು ಯಾವುದನ್ನು ಹಿಡಿದುಕೊಳ್ಳುತ್ತದೆ, ಯಾವುದು ಒಗೆದರೆ ಬಿಟ್ಟುಹೋಗುತ್ತದೆ. ಬಣ್ಣಗಾರ ದಿನವೂ ನೋಡುತ್ತಿದ್ದದ್ದು ಇದನ್ನೇ. ಔಷಧ ಶಾಸ್ತ್ರದ ಬುಡದಲ್ಲಿರುವ ಪ್ರಶ್ನೆಯೂ ಇದೇ. ಇದು ನನ್ನ ಕಲ್ಪನೆಯ ಹೋಲಿಕೆ ಅಂದುಕೊಳ್ಳಬೇಡ. ಮುಂದೆ ಹೇಳುವುದು ಚರಿತ್ರೆ.

ನಿಮ್ಮಜ್ಜನ ಕಾಲಕ್ಕೇ ಗಿಡದ ಬಣ್ಣ ಬಿಟ್ಟು ಪ್ಯಾಕೆಟ್ ಬಣ್ಣ ಬಂದಿತ್ತು ಅಂತ ನೀನು ಹೇಳಿದ್ದೆ. ಆ ಪ್ಯಾಕೆಟ್ ಬಣ್ಣಗಳ ಮೂಲ ಅನಿಲೀನ್ ಎಂಬ ಎಣ್ಣೆಯಂಥ ದ್ರವ. 1840ರಲ್ಲಿ ಫ್ರಿಟ್ಷೆ ಎಂಬ ರಸಾಯನಶಾಸ್ತ್ರಜ್ಞ ನೀಲಿಯನ್ನು ಕ್ಷಾರದ ಜೊತೆ ಕಾಯಿಸಿ ಅದನ್ನು ತೆಗೆದ. ನೀಲಿ ಗಿಡಕ್ಕೆ ಪೋರ್ಚುಗೀಸರು 'ಅನಿಲ್' ಅನ್ನುತ್ತಿದ್ದರು. ಅದು ಅರಬ್ಬರ 'ಅನ್ನೀಲ್'. ಅರಬ್ಬರಿಗೆ ಅದು ಹೋದದ್ದು ನಮ್ಮ 'ನೀಲಿ'ಯಿಂದಲೇ. ಅದೇ ಅನಿಲೀನ್ ಕಲ್ಲಿದ್ದಲಿನ ಡಾಂಬರಿನಲ್ಲೂ ಇದೆ ಅಂತ ಗೊತ್ತಾಯಿತು, ಡಾಂಬರಿನಿಂದ ಅದನ್ನು ಮಾಡುವ ದಾರಿ ಸಿಕ್ಕ ಮೇಲೆ ಅದು ಅಗ್ಗವಾಯಿತು.

1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್‌ಗೆ 18 ವರ್ಷ. ಈಸ್ಟರ್ ರಜೆಯಲ್ಲಿ ಮನೆಯ ಪುಟ್ಟ ಪ್ರಯೋಗಶಾಲೆಯಲ್ಲಿ ಕ್ವಿನೈನ್ ಮಾಡಲು ಕೂತಿದ್ದ, ಮಲೇರಿಯಾದ ಮದ್ದು. ಅನಿಲೀನ್‌ನಿಂದ ಶುರು ಮಾಡಿದ. ಪಾತ್ರೆಯಲ್ಲಿ ಕಪ್ಪು ಗಸಿ ಉಳಿಯಿತು. ಅದಕ್ಕೆ ಆಲ್ಕೋಹಾಲ್ ಹಾಕಿದಾಗ ಚೆಂದದ ನೇರಳೆ ಬಣ್ಣ ಬಿಟ್ಟಿತು. ಅದನ್ನು ರೇಷ್ಮೆಗೆ ಹಾಕಿ ನೋಡಿದ, ಬಣ್ಣ ಹಿಡಿಯಿತು. ಅಲ್ಲಿಂದ ಕೃತಕ ಬಣ್ಣಗಳ ಉದ್ಯಮ ಎದ್ದು ನಿಂತಿತು. ಮುಂದೆ ಜರ್ಮನಿ ಅದರ ದೊಡ್ಡ ಮನೆಯಾಯಿತು. ಬೇಯರ್ ಅಂದರೆ ಇವತ್ತು ಮಾತ್ರೆ ಕಂಪನಿ ತಾನೇ? 1863ರಲ್ಲಿ ಅದು ಶುರುವಾದದ್ದು ಬಣ್ಣದ ಕಾರ್ಖಾನೆಯಾಗಿ.

ಅಲ್ಲಿಯೇ, ಜರ್ಮನಿಯಲ್ಲಿ, ಪೌಲ್ ಎರ್ಲಿಕ್ ಎಂಬ ವೈದ್ಯ ವಿದ್ಯಾರ್ಥಿಗೆ ಈ ಬಣ್ಣಗಳ ಹುಚ್ಚು ಹಿಡಿಯಿತು. ಅಂಗಾಂಶದ ತೆಳು ಚೂರುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂರುತ್ತಿದ್ದ. 1878ರ ಅವನ ಪ್ರಬಂಧವೂ ಅದರ ಮೇಲೆಯೇ. ಒಂದು ಬಣ್ಣ ಒಂದು ಬಗೆಯ ಜೀವಕೋಶಕ್ಕೆ ಮಾತ್ರ ಹಿಡಿಯುತ್ತದೆ, ಪಕ್ಕದ್ದನ್ನು ಮುಟ್ಟುವುದಿಲ್ಲ. ಯಾಕೆ? ರೋಗಾಣುವಿಗೆ ಮಾತ್ರ ಹಿಡಿಯುವ ಬಣ್ಣ ಸಿಕ್ಕರೆ ಅದು ರೋಗಾಣುವನ್ನಷ್ಟೇ ಕೊಲ್ಲಬಹುದಲ್ಲ? ಬಣ್ಣದ ಮನೆಯ ಪ್ರಶ್ನೆ ಆಸ್ಪತ್ರೆಗೆ ಬಂದದ್ದು ಹೀಗೆ. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ 1876ರಲ್ಲಿ ಜರ್ಮನಿಯ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿತ್ತು. ಅದು ಮಲೇರಿಯಾ ಪರಾವಲಂಬಿಗೆ ಚೆನ್ನಾಗಿ ಹಿಡಿಯುತ್ತಿತ್ತು. 1891ರಲ್ಲಿ ಎರ್ಲಿಕ್ ಮತ್ತು ಗುಟ್‌ಮನ್ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಅದನ್ನು ಕೊಟ್ಟರು. ಇಬ್ಬರೂ ಚೇತರಿಸಿಕೊಂಡರು. ಪರ್ಕಿನ್ ಮಲೇರಿಯಾದ ಮದ್ದು ಹುಡುಕಲು ಹೋಗಿ ಬಣ್ಣ ಕಂಡ. 35 ವರ್ಷದ ಮೇಲೆ ಬಣ್ಣವೇ ಮಲೇರಿಯಾದ ಮದ್ದಾಗಿ ನಿಂತಿತು! ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ಈಗಲೂ ನನ್ನ ದನಿ ಏರುತ್ತದೆ.

ಅಂಟಿಕೊಳ್ಳದ ವಸ್ತು ಕೆಲಸ ಮಾಡುವುದಿಲ್ಲ ಅಂತ ಎರ್ಲಿಕ್ ಮುಂದೆ ಲ್ಯಾಟಿನ್ನಿನಲ್ಲಿ ಹೇಳಿದ್ದು ಔಷಧ ಶಾಸ್ತ್ರದ ಮೂಲ ಸೂತ್ರಗಳಲ್ಲಿ ಒಂದಾಯಿತು. ನಿಮ್ಮ ಮನೆಯಲ್ಲಿ ಇದನ್ನು ಯಾರೂ ಲ್ಯಾಟಿನ್ನಿನಲ್ಲಿ ಹೇಳಿರಲಿಕ್ಕಿಲ್ಲ. ಆದರೆ ಯಾರಿಗೂ ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಇನ್ನೊಬ್ಬನ ಕಥೆ ಹೇಳದೆ ಬಿಡಲಾರೆ. ಗೆರ್ಹಾರ್ಡ್ ಡೊಮಾಕ್. ಬೇಯರ್ ಪ್ರಯೋಗಶಾಲೆಯಲ್ಲಿ ಹೊಸ ಹೊಸ ಬಣ್ಣಗಳನ್ನು ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದವನು. 1932ರ ಡಿಸೆಂಬರಿನಲ್ಲಿ ಒಂದು ಕೆಂಪು ಬಣ್ಣ ಕೆಲಸ ಮಾಡಿತು. ಸ್ಟ್ರೆಪ್ಟೊಕಾಕಸ್ ರೋಗಾಣು ಚುಚ್ಚಿದ ಇಲಿಗಳಲ್ಲಿ ಬಣ್ಣ ಕೊಟ್ಟವು ಬದುಕಿದವು, ಕೊಡದವು ಸತ್ತವು. ಅದಕ್ಕೆ ಪ್ರಾಂಟೋಸಿಲ್ ಎಂದು ಹೆಸರಿಟ್ಟರು. ಅಷ್ಟರಲ್ಲಿ ಡೊಮಾಕ್‌ನ ಪುಟ್ಟ ಮಗಳು ಹಿಲ್ಡೆಗಾರ್ಡ್‌ಗೆ ಕೈಗೆ ಸೂಜಿ ಚುಚ್ಚಿ ನಂಜೇರಿತು. ಕೈ ಕತ್ತರಿಸಬೇಕಾಗುತ್ತದೆ ಎಂಬ ಮಾತು ಬಂತು. ಅವನು ತನ್ನ ಕೆಂಪು ಬಣ್ಣವನ್ನೇ ಮಗಳಿಗೆ ಕೊಟ್ಟ. ಮಗಳೂ ಉಳಿದಳು, ಕೈಯೂ ಉಳಿಯಿತು. ಮುಂದೆ ಲಂಡನ್ನಿನ ಕ್ವೀನ್ ಷಾರ್ಲೆಟ್ಸ್ ಆಸ್ಪತ್ರೆಯಲ್ಲಿ ಕೋಲ್‌ಬ್ರೂಕ್ ಎಂಬ ವೈದ್ಯ ಬಾಣಂತಿಯರ ನಂಜು ಜ್ವರಕ್ಕೆ ಅದನ್ನು ಕೊಟ್ಟಾಗ ಸಾವುಗಳು ಗಣನೀಯವಾಗಿ ಇಳಿದವು. ಆ ಜ್ವರಕ್ಕೆ ಎಷ್ಟು ಮನೆಗಳಲ್ಲಿ ತಾಯಂದಿರು ಹೋದರು ಅಂತ ನಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಒಂದು ಬಟ್ಟೆಯ ಬಣ್ಣದ ಸಂಬಂಧಿ ಅದನ್ನು ತಡೆಯಿತು. 1939ರಲ್ಲಿ ಡೊಮಾಕ್‌ಗೆ ನೊಬೆಲ್ ಬಂತು, ಆದರೆ ನಾಜಿ ಸರ್ಕಾರ ಅದನ್ನು ತಿರಸ್ಕರಿಸುವಂತೆ ಮಾಡಿತು. ಪದಕ ಕೈಗೆ ಸಿಕ್ಕದ್ದು 1947ರಲ್ಲಿ.

ಬಣ್ಣ ಮತ್ತು ಮದ್ದಿನ ದಾರಿ ಬೇರೆಯಾದದ್ದೂ ಇಲ್ಲೇ. ಪ್ರಾಂಟೋಸಿಲ್ ಗಾಜಿನ ನಳಿಕೆಯಲ್ಲಿ ರೋಗಾಣುವಿಗೆ ಏನೂ ಮಾಡುತ್ತಿರಲಿಲ್ಲ, ಮೈಯೊಳಗೆ ಹೋದರೆ ಮಾತ್ರ ಕೆಲಸ. 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಕಾರಣ ಕಂಡುಹಿಡಿದರು. ದೇಹದಲ್ಲಿ ಆ ಬಣ್ಣ ಎರಡು ಹೋಳಾಗುತ್ತದೆ. ಕೆಲಸ ಮಾಡುವ ಹೋಳು ಸಲ್ಫಾನಿಲಮೈಡ್. ಅದಕ್ಕೆ ಬಣ್ಣವೇ ಇಲ್ಲ! ವಿಯೆನ್ನಾದ ವಿದ್ಯಾರ್ಥಿಯೊಬ್ಬ 1908ರಲ್ಲೇ ಅದನ್ನು ತಯಾರಿಸಿದ್ದ, ಬಣ್ಣದ ಉದ್ಯಮದಲ್ಲಿ ಕಚ್ಚಾ ವಸ್ತುವಾಗಿ ಬಳಕೆಯಲ್ಲೂ ಇತ್ತು. ಆಮೇಲೆ ಬಂದ ಸಲ್ಫಾ ಮಾತ್ರೆಗಳು ಹೆಚ್ಚಾಗಿ ಬಿಳಿ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಅನಿಲೀನ್ ವಂಶದ್ದೇ. ಅದೂ ಬಿಳಿ. ಅದನ್ನು ನುಂಗುವಾಗ ನೀಲಿ ಗಿಡದ ನೆನಪು ಯಾರಿಗೆ ಬರಬೇಕು?

ನಾವು ಚಿಕ್ಕವರಿದ್ದಾಗ ಆಸ್ಪತ್ರೆಯ ಟ್ರೇಯಲ್ಲಿ ಇನ್ನೂ ಬಣ್ಣಗಳಿದ್ದವು. ಬಾಯಿ ಹುಣ್ಣಿಗೆ ನೇರಳೆ ಜೆನ್ಷಿಯನ್ ವಯೊಲೆಟ್, ಗಾಯಕ್ಕೆ ಕೆಂಪು ಮರ್ಕ್ಯುರೋಕ್ರೋಮ್, ಸುಟ್ಟಲ್ಲಿಗೆ ಹಳದಿ ಅಕ್ರಿಫ್ಲೇವಿನ್. ಮೂರೂ ಬಣ್ಣದ ಕಾರ್ಖಾನೆಯ ನೆಂಟರೇ. ಕೆಂಪಿನದರಲ್ಲಿ ಪಾದರಸವಿತ್ತು. ಅಮೆರಿಕದ ಔಷಧ ಇಲಾಖೆ 1998ರಲ್ಲಿ ಅದನ್ನು ಸುರಕ್ಷಿತ ಔಷಧಿಗಳ ಪಟ್ಟಿಯಿಂದ ತೆಗೆಯಿತು. ಹೋದದ್ದು ಒಳ್ಳೆಯದೇ. ಒಂದು ಮಾತು, ನಿಮ್ಮ ಮನೆಯಲ್ಲಿರುವ ಬಟ್ಟೆಯ ಬಣ್ಣದ ಪುಡಿಯನ್ನು ಯಾವ ಕಾರಣಕ್ಕೂ ಗಾಯಕ್ಕೆ ಹಚ್ಚಬೇಡಿ. ನೋಡಲು ಒಂದೇ ಥರ ಇದ್ದರೂ ಅದನ್ನು ಮೈಗಾಗಿ ಶುದ್ಧ ಮಾಡಿರುವುದಿಲ್ಲ.

ಪೂರ್ತಿ ಬೇರೆಯಾಗದ ಒಂದು ಮದ್ದು ಇನ್ನೂ ಇದೆ. ಕುಷ್ಠರೋಗಕ್ಕೆ ಕೊಡುವ ಮೂರು ಔಷಧಿಗಳಲ್ಲಿ ಒಂದಾದ ಕ್ಲೊಫಾಜಿಮಿನ್ ನಿಜಕ್ಕೂ ಒಂದು ಕೆಂಪು ಬಣ್ಣ. 1950ರ ದಶಕದಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ತಯಾರಾದದ್ದು. ಅದು ರೋಗ ಕಳೆಯುತ್ತದೆ, ಜೊತೆಗೆ ಚರ್ಮಕ್ಕೂ ಬಣ್ಣ ಹಿಡಿಸುತ್ತದೆ. ಮೈ ಕೆಂಪು ಕಂದಾಗಿ, ಕಪ್ಪಾಗಿ ಕಾಣುತ್ತದೆ. ಔಷಧಿ ನಿಲ್ಲಿಸಿದ ಮೇಲೆ ತಿಂಗಳುಗಟ್ಟಲೆ ಕಾದರೆ ನಿಧಾನಕ್ಕೆ ಇಳಿಯುತ್ತದೆ. ಜನ ಗುರುತಿಸುತ್ತಾರೆ ಎಂಬ ಹೆದರಿಕೆಗೆ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟರೆ ರೋಗ ಗೆಲ್ಲುತ್ತದೆ. ಈ ಬಣ್ಣ ವಾಸಿಯಾಗುತ್ತಿರುವುದರ ಜೊತೆಗೆ ಬರುವಂಥದ್ದು, ರೋಗದ್ದಲ್ಲ ಅಂತ ಅವರಿಗೆ ಕೂತು ಹೇಳಬೇಕು. ಮುಂದೆ ಔಷಧಿ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ನಿಲ್ಲುವ ನನ್ನ ಹುಡುಗರಿಗೆ ನಾನು ಇದನ್ನೇ ಹೆಚ್ಚು ಒತ್ತಿ ಹೇಳುವುದು.

ಈಗ ನನ್ನದೊಂದು ಕೋರಿಕೆ. ಪ್ಯಾಕೆಟ್ ಬಣ್ಣ ಬರುವ ಮೊದಲು ನಿಮ್ಮ ಮನೆಯಲ್ಲಿ ಏನೇನು ಬಳಸುತ್ತಿದ್ದರು ಅಂತ ನಿಮ್ಮ ಅವ್ವನ ಹತ್ತಿರ ಕೇಳು. ಕೆಂಪಿಗೆ ಯಾವ ಬೇರು, ಯಾವ ಕಾಯಿ ಮೊದಲು, ಯಾವುದು ಆಮೇಲೆ. ಅವುಗಳಲ್ಲಿ ಯಾವುದನ್ನಾದರೂ ಹೊಟ್ಟೆನೋವಿಗೋ ಗಾಯಕ್ಕೋ ಬಳಸುತ್ತಿದ್ದರಾ ಅಂತಲೂ ಕೇಳು. ಅವರು ಹೇಳುವ ಹೆಸರುಗಳನ್ನು ತಿದ್ದದೆ, ಅವರ ಮಾತಲ್ಲೇ ಬರೆದುಕೋ. ಆ ಹೆಸರುಗಳು ನನ್ನ ಪುಸ್ತಕಗಳಲ್ಲಿ ಸಿಗುವುದಿಲ್ಲ. ಗಿಡ ಯಾವುದು ಅಂತ ಗೊತ್ತಾಗದಿದ್ದರೆ ಎಲೆಯದೋ ಬೇರಿನದೋ ಫೋಟೋ ಕಳಿಸು, ಗುರುತಿಸುವ ಕೆಲಸ ನನ್ನದು. ಮತ್ತೆ ಆ ಮದರ್ ಟಿಂಚರ್ ಯಾವ ಗಿಡದ್ದು? ಫೋಟೋದಲ್ಲಿ ಲೇಬಲಿನ ಅರ್ಧ ನಿನ್ನ ಬೆರಳಿನ ಕೆಳಗಿದೆ.

ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಶ್ರೀಧರ